ಓದುಗರ ಪ್ರಶ್ನೆ, ನಮ್ಮ ಉತ್ತರ: ಕರಡಿ ಬೇಟೆ ಮತ್ತು ಕಾಡುಪ್ರಾಣಿಯ ಮಾಂಸ

ಪ್ರಶ್ನೆ: ನಾವು ಹನ್ನೆರಡು ವರ್ಷಗಳಿಂದ ಅಮೆರಿಕದ ನ್ಯೂಜೆರ್ಸಿಯ ಉತ್ತರ ಭಾಗದಲ್ಲಿದ್ದೇವೆ. ಕಳೆದ ಡಿಸೆಂಬರಿನಲ್ಲಿ ನಮ್ಮ ಯಜಮಾನರ ಸಹೋದ್ಯೋಗಿಯೊಬ್ಬರು ತಾವೇ ಬೇಟೆಯಾಡಿದ ಕಪ್ಪು ಕರಡಿಯ ಮಾಂಸವನ್ನು ಎರಡು ಪೊಟ್ಟಣ ಕಟ್ಟಿ ಪ್ರೀತಿಯಿಂದ ತಂದುಕೊಟ್ಟರು. ನಾವು ಕೋಳಿ, ಕುರಿ ತಿನ್ನುವವರೇ. ಆದರೆ ಊರಿನಿಂದ ಬಂದಿರುವ, ಮಾಂಸ ಮುಟ್ಟದ ನಮ್ಮ ಅತ್ತೆಯವರು "ಕರಡಿ ಎಂದರೆ ಜಾಂಬವಂತ, ಅದನ್ನು ಒಲೆಯ ಮೇಲಿಡಬೇಡಿ" ಎನ್ನುತ್ತಾರೆ. ಹದಿನಾಲ್ಕು ವರ್ಷದ ಮಗಳು "ಕೋಳಿ ತಿನ್ನಬಹುದು, ಕರಡಿ ತಿನ್ನಬಾರದು ಅನ್ನುವುದಕ್ಕೆ ಕಾರಣ ಕೊಡಿ" ಎಂದು ಕೇಳುತ್ತಾಳೆ. ಪೊಟ್ಟಣ ಇನ್ನೂ ಫ್ರೀಜರಿನಲ್ಲೇ ಇದೆ. ಏನು ಮಾಡಲಿ?
— ಓದುಗರೊಬ್ಬರು, ನ್ಯೂಜೆರ್ಸಿ

ಉತ್ತರ: ನಿಮ್ಮ ಮಗಳ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಅದನ್ನು ಪಕ್ಕಕ್ಕಿಟ್ಟು ಹೇಳುವ ಯಾವ ಮಾತೂ ಪ್ರಾಮಾಣಿಕವಾಗುವುದಿಲ್ಲ. ಅಂಗಡಿಯಿಂದ ತರುವ ಬ್ರಾಯ್ಲರ್ ಕೋಳಿ ಆರೇಳು ವಾರಗಳ ತನ್ನ ಇಡೀ ಆಯುಷ್ಯವನ್ನು ಸಾವಿರಾರು ಕೋಳಿಗಳ ನಡುವೆ ಶೆಡ್ಡಿನೊಳಗೇ ಕಳೆದಿರುತ್ತದೆ. ಆ ಕರಡಿಯಾದರೋ ತನ್ನ ಕಾಡಿನಲ್ಲಿ ಓಕ್ ಮರದ ಕಾಯಿ ತಿಂದು, ಚಳಿಗಾಲವನ್ನು ಗುಹೆಯಲ್ಲಿ ಮಲಗಿ ಕಳೆದು, ಬೇಕಾದ ಕಡೆ ಅಲೆದು, ಕೊನೆಗೆ ಒಂದು ದಿನ ಗುಂಡು ತಗಲಿ ಸತ್ತಿದೆ. ಪ್ರಾಣಿ ಪಟ್ಟ ಪಾಡನ್ನಷ್ಟೇ ಅಳೆಯುವುದಾದರೆ, ನಾವು ಹೆಚ್ಚು ನಾಚಬೇಕಾದದ್ದು ಕೋಳಿಯ ಮುಂದೆ. ಈ ಮಾತನ್ನು ಮಗಳ ಎದುರು ಒಪ್ಪಿಕೊಳ್ಳಿ.

ಆದರೆ ಅಳೆಯಬೇಕಾದದ್ದು ಇನ್ನೂ ಒಂದಿದೆ. ಕರಡಿಯನ್ನು ಯಾರೂ ಸಾಕಿದ್ದಲ್ಲ. ಒಂದು ಹೋದರೆ ಇನ್ನೊಂದನ್ನು ಮೊಟ್ಟೆಯಿಂದ ಮರಿ ಮಾಡಿಸಲು ಬರುವುದಿಲ್ಲ. ಹೆಣ್ಣು ಕಪ್ಪು ಕರಡಿ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಈಯುತ್ತದೆ. ಜನವರಿಯ ಸುಮಾರಿಗೆ ಗುಹೆಯೊಳಗೆ ಹುಟ್ಟಿದ ಮರಿಗಳು ಮರುವರ್ಷದ ಬೇಸಿಗೆಯವರೆಗೂ ತಾಯಿಯ ಬೆನ್ನು ಬಿಡುವುದಿಲ್ಲ. ಇಷ್ಟು ನಿಧಾನವಾಗಿ ಹೆಚ್ಚುವ ಪ್ರಾಣಿಯನ್ನು ಕೊಲ್ಲುವವನು ತಾನು ಎಷ್ಟು ತೆಗೆದೆ, ಯಾವುದನ್ನು ತೆಗೆದೆ ಎಂಬುದಕ್ಕೆ ಲೆಕ್ಕ ಕೊಡಲೇಬೇಕು. ಕೋಳಿಗೂ ಕರಡಿಗೂ ಇರುವ ನಿಜವಾದ ವ್ಯತ್ಯಾಸ ಇದು ಎಂದು ನನಗನ್ನಿಸುತ್ತದೆ.

ನಿಮ್ಮ ರಾಜ್ಯದಲ್ಲಿ ಆ ಲೆಕ್ಕ ಹೇಗಿದೆ ಎಂದು ನೋಡೋಣ. ಹೊಲ ಮಾಡಲು ಕಾಡು ಕಡಿದು, ಕಂಡಕಂಡಲ್ಲಿ ಹೊಡೆದು, 1970ರ ಹೊತ್ತಿಗೆ ನ್ಯೂಜೆರ್ಸಿಯಲ್ಲಿ ಕರಡಿಗಳು ಉತ್ತರದ ಬೆಟ್ಟಗಳಿಗೆ ಸರಿದು ಬೆರಳೆಣಿಕೆಗೆ ಬಂದಿದ್ದವು. ಆಗ ಬೇಟೆ ನಿಂತಿತು, ಕಾಡು ಮತ್ತೆ ಬೆಳೆಯಿತು, ಕರಡಿ ಹೆಚ್ಚಿ ಈಗ ರಾಜ್ಯದ 21 ಕೌಂಟಿಗಳಲ್ಲೂ ಕಾಣಿಸಿಕೊಂಡಿದೆ. 2003ರಲ್ಲಿ ಬೇಟೆ ಮತ್ತೆ ಶುರುವಾಯಿತು, 2021ರಲ್ಲಿ ನಿಂತಿತು, 2022ರ ಡಿಸೆಂಬರಿನಲ್ಲಿ ಇನ್ನೊಮ್ಮೆ ಬಂತು. ಬೇಟೆಗಾರನಿಗೆ ಪರವಾನಗಿ ಬೇಕು. ಮರಿಗಳನ್ನೂ ಮರಿಗಳೊಡನೆ ಇರುವ ತಾಯಿಯನ್ನೂ ಹೊಡೆಯುವಂತಿಲ್ಲ. ಹೊಡೆದ ಕರಡಿಯನ್ನು ತಪಾಸಣಾ ಕೇಂದ್ರಕ್ಕೆ ಒಯ್ಯಬೇಕು, ಅಲ್ಲಿ ತೂಕ ನೋಡಿ, ವಯಸ್ಸು ತಿಳಿಯಲು ಒಂದು ಹಲ್ಲು ಕಿತ್ತು ದಾಖಲಿಸುತ್ತಾರೆ. ನಿಮ್ಮ ಯಜಮಾನರ ಸಹೋದ್ಯೋಗಿ ಇಷ್ಟನ್ನೂ ಪಾಲಿಸಿ, ಒಂದೇ ಗುಂಡಿಗೆ ಬೀಳುವಷ್ಟು ಹತ್ತಿರದಿಂದ ಹೊಡೆದು, ಮಾಂಸವನ್ನು ಹಾಳುಮಾಡದೆ ಹಂಚಿದ್ದರೆ, ಅವರನ್ನು ತಪ್ಪಿತಸ್ಥ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ಗೋಡೆಗೆ ತಲೆ ನೇತುಹಾಕಲು ಕೊಲ್ಲುವುದನ್ನು, ನಾಯಿಗಳನ್ನು ಛೂ ಬಿಟ್ಟು ಕರಡಿಯನ್ನು ಮರ ಹತ್ತಿಸಿ ಕೆಳಗೆ ನಿಂತು ಹೊಡೆಯುವುದನ್ನು ಮಾತ್ರ ನಾನು ಯಾವ ವಾದಕ್ಕೂ ಒಪ್ಪಲಾರೆ. ಕೊಲೊರಾಡೊ ರಾಜ್ಯದ ಮತದಾರರು 1992ರಲ್ಲಿ ನಾಯಿ ಬಿಡುವುದನ್ನೂ ಆಮಿಷವಿಡುವುದನ್ನೂ ಮರಿಗಳು ಪುಟ್ಟದಾಗಿರುವ ವಸಂತಕಾಲದ ಬೇಟೆಯನ್ನೂ ಮತ ಹಾಕಿ ನಿಲ್ಲಿಸಿದರು. ಬೇಟೆಯನ್ನು ಪೂರ್ತಿ ನಿಷೇಧಿಸದೆಯೂ ಅದರ ಕ್ರೌರ್ಯಕ್ಕೆ ಗೆರೆ ಎಳೆಯಬಹುದು ಎಂಬುದಕ್ಕೆ ನನಗೆ ಅದು ಒಳ್ಳೆಯ ಉದಾಹರಣೆಯಾಗಿ ಕಾಣುತ್ತದೆ.

ನನ್ನನ್ನು ನಿಜವಾಗಿ ಕಾಡುವುದು ನಿಮ್ಮ ಬೀದಿಯ ಕಸದ ಡಬ್ಬಿಗಳು. ಬೇಟೆ ಬೇಕೆನ್ನುವವರು ಹೆಚ್ಚಾಗಿ ಕೊಡುವ ಕಾರಣ, ಕರಡಿಗಳು ಮನೆಯಂಗಳಕ್ಕೆ ಬರುತ್ತಿವೆ ಎಂಬುದು. ಆ ಭಯ ಹುಸಿಯಲ್ಲ. 2014ರಲ್ಲಿ ಅಲ್ಲಿಯ ವೆಸ್ಟ್ ಮಿಲ್ಫರ್ಡ್ ಬಳಿಯ ಕಾಡಿನಲ್ಲಿ ಭಾರತೀಯ ಮೂಲದ ವಿದ್ಯಾರ್ಥಿಯೊಬ್ಬ ಕರಡಿಗೆ ಬಲಿಯಾದ. ಆದರೆ ಅಂಗಳಕ್ಕೆ ಕರಡಿಯನ್ನು ಕರೆತರುವುದು ಮುಚ್ಚಳ ಭದ್ರವಿಲ್ಲದ ಡಬ್ಬಿ, ಹಕ್ಕಿಗೆಂದು ತೂಗುಹಾಕಿದ ಕಾಳು, ತೊಳೆಯದೆ ಬಿಟ್ಟ ಬಾರ್ಬೆಕ್ಯೂ ಒಲೆ. ನಮ್ಮ ಅನ್ನದ ವಾಸನೆ ಹಿಡಿದು ಬರುವ ಕರಡಿ ಒಂದಾದರೆ, ಡಿಸೆಂಬರಿನಲ್ಲಿ ಕಾಡಿನೊಳಗೆ ಗುಂಡು ತಿನ್ನುವ ಕರಡಿ ಇನ್ನೊಂದಾಗಿರುವುದು ಸಾಧ್ಯ. ಕರಡಿಗೆ ತೆರೆಯಲಾಗದ ಬೀಗದ ಡಬ್ಬಿ ಸಿಗುತ್ತದೆ. ನಿಮ್ಮ ಮನೆಯಲ್ಲಿ ಅದು ಇದೆಯೇ? ಮಾಂಸ ತಿನ್ನುವುದೋ ಬಿಡುವುದೋ ಎಂಬುದಕ್ಕಿಂತ ಮೊದಲು ಮಗಳೊಡನೆ ಕುಳಿತು ಈ ಪ್ರಶ್ನೆಗೆ ಉತ್ತರ ಹುಡುಕಿ.

ಇನ್ನು ಆ ಪೊಟ್ಟಣ. ಕರಡಿಯ ಮಾಂಸದಲ್ಲಿ ಟ್ರಿಕಿನೆಲ್ಲ ಎಂಬ ಹುಳುವಿನ ಮರಿಗಳು ಇರಬಹುದು, ಅದರ ಕೆಲವು ಬಗೆಗಳು ಫ್ರೀಜರಿನ ಚಳಿಗೂ ಸಾಯುವುದಿಲ್ಲ. 2022ರಲ್ಲಿ ಸೌತ್ ಡಕೋಟದಲ್ಲಿ ಒಂದು ಕುಟುಂಬ 45 ದಿನ ಫ್ರೀಜರಿನಲ್ಲಿಟ್ಟಿದ್ದ ಕರಡಿ ಮಾಂಸವನ್ನು ಕಬಾಬ್ ಮಾಡಿತು. ಮಾಂಸದ ಬಣ್ಣವೇ ಕಪ್ಪಗಿದ್ದುದರಿಂದ ಬೆಂದಿಲ್ಲವೆಂದು ಮೊದಲು ತಿಳಿಯಲಿಲ್ಲ. ಆರು ಮಂದಿಗೆ ಕಾಯಿಲೆ ಬಂತು. ಅವರಲ್ಲಿ ಇಬ್ಬರು ಮಾಂಸವನ್ನು ಮುಟ್ಟಿರಲೇ ಇಲ್ಲ, ಅದರ ಜೊತೆ ಬೆಂದ ತರಕಾರಿಯನ್ನಷ್ಟೇ ತಿಂದಿದ್ದರು. ಹಾಗಾಗಿ ನಿಮ್ಮ ಅತ್ತೆಯವರ ಮಾತು ಆರೋಗ್ಯದ ದೃಷ್ಟಿಯಿಂದಲೂ ಸರಿ: ಅವರ ಪಾತ್ರೆ, ಸೌಟು, ಒಲೆಯ ಪಕ್ಕ ಅದು ಬೇಡ. ಸ್ಯಮಂತಕ ಮಣಿಯ ಕಥೆಯನ್ನು ಪ್ರತಿ ಚೌತಿಯಲ್ಲಿ ಕೇಳಿ ಬೆಳೆದವರಿಗೆ ಕರಡಿ ಎಂದರೆ ಕೃಷ್ಣನಿಗೆ ಮಗಳನ್ನು ಧಾರೆಯೆರೆದುಕೊಟ್ಟ ಮಾವ. ಆ ಭಾವನೆಯನ್ನು ತರ್ಕದಿಂದ ಸೋಲಿಸುವ ಅಗತ್ಯ ಯಾರಿಗೂ ಇಲ್ಲ. ಬೇಯಿಸುವುದಾದರೆ ಬೇರೆ ಪಾತ್ರೆಯಲ್ಲಿ, ಮಾಂಸದ ನಡುಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿತೆಂದು ಥರ್ಮಾಮೀಟರ್ ಚುಚ್ಚಿ ನೋಡಿ ಬೇಯಿಸಿ. ಮನಸ್ಸು ಒಪ್ಪದಿದ್ದರೆ ಸಹೋದ್ಯೋಗಿಗೆ ವಿಷಯ ತಿಳಿಸಿ ಹಿಂದಿರುಗಿಸಿ, ಅವರು ಬೇಸರಪಡಲಾರರು. ಸದ್ದಿಲ್ಲದೆ ಡಬ್ಬಿಗೆ ಎಸೆಯುವುದೊಂದನ್ನು ಮಾತ್ರ ಮಾಡಬೇಡಿ: ಆ ಪ್ರಾಣಿ ವ್ಯರ್ಥವಾಗಿ ಸತ್ತಂತಾಗುತ್ತದೆ, ಅದರ ವಾಸನೆಗೆ ಇನ್ನೊಂದು ಕರಡಿ ನಿಮ್ಮ ಬಾಗಿಲಿಗೇ ಬರುತ್ತದೆ.

ಪ್ರಶ್ನೆ: ನಮ್ಮ ಕಡೆ ಹೋಮ್‌ಸ್ಟೇಗಳಲ್ಲಿ ಕೇಳಿದವರಿಗೆ ಗುಟ್ಟಾಗಿ ಕಾಡುಹಂದಿ ಬಾಡು ಮಾಡಿಕೊಡುತ್ತಾರೆ. ಹಂದಿ ಹೇಗೂ ಗದ್ದೆ ಹಾಳು ಮಾಡುತ್ತದೆ, ತಿಂದರೆ ತಪ್ಪೇನು?
— ತೀರ್ಥಹಳ್ಳಿ ಸೀಮೆಯ ಯುವಕ

ಉತ್ತರ: ಮಲೆನಾಡಿನಲ್ಲಿ ಹುಟ್ಟಿದ ನನಗೆ ಮರೆಯಲ್ಲಿ ಅಡಗಿ ಪ್ರಾಣಿಗಾಗಿ ಕಾಯುವ ಮರಸು ಕೂರುವುದೂ ಗೊತ್ತು, ಪೊದೆಗಳಿಂದ ಪ್ರಾಣಿಯನ್ನು ಎಬ್ಬಿಸಿ ಓಡಿಸುವ ಹಳು ನುಗ್ಗಿಸುವುದೂ ಗೊತ್ತು. ಚಿಕ್ಕಂದಿನಲ್ಲಿ ಕಂಡ, ಬೇಟೆಯ ಮಾಂಸ ಪಾಲು ಹಾಕುವ ದೃಶ್ಯ ಇನ್ನೂ ಕಣ್ಣಿಗೆ ಕಟ್ಟಿದಂತಿದೆ: ಅಂಗಳದಲ್ಲಿ ಬಾಳೆ ಎಲೆ ಹಾಸಿ ಗುಡ್ಡೆ ಗುಡ್ಡೆಯಾಗಿ ಹಾಕುತ್ತಿದ್ದರು, ಈಡು ಹೊಡೆದವನಿಗೆ ಒಂದು ತೊಡೆ ಹೆಚ್ಚು, ನಾಯಿಗಳಿಗೂ ಒಂದು ಪಾಲು, ಗಂಡಸರಿಲ್ಲದ ಮನೆಗೂ ಒಂದು ಪಾಲು. ಅಲ್ಲಿ ದುಡ್ಡಿನ ಮಾತೇ ಇರಲಿಲ್ಲ. ಗದ್ದೆ ಕಾಯುವವನ ಸಂಕಟವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹಂದಿಯ ಸಂತಾನ ಕರಡಿಯಂತಲ್ಲ, ಬೇಗ ತುಂಬಿಕೊಳ್ಳುತ್ತದೆ ಎಂಬುದೂ ನಿಜ.

ಆದರೆ ನೀವು ಹೇಳುವುದು ಕಾಸಿಗೆ ಮಾರುವ ಮಾಂಸ. ಗಿರಾಕಿ ಕಾಯುತ್ತಿದ್ದಾನೆಂದರೆ ಅದು ಬರುವುದು ಉರುಳಿನಿಂದ, ಸಿಡಿಮದ್ದಿನಿಂದ, ಬೇಲಿಗೆ ಹಾಯಿಸಿದ ಕರೆಂಟಿನಿಂದ. ಉರುಳಿಗೆ ಹಂದಿ ಯಾವುದು, ಚಿರತೆ ಯಾವುದು, ಕಟ್ಟಿಹಾಕದ ನಮ್ಮದೇ ಕರು ಯಾವುದು ಎಂಬ ಭೇದವಿಲ್ಲ. 2020ರಲ್ಲಿ ಕೇರಳದಲ್ಲಿ ಬಸುರಿ ಆನೆಯೊಂದು ತಿನಿಸಿನೊಳಗೆ ಅಡಗಿಸಿದ್ದ ಸಿಡಿಮದ್ದನ್ನು ಕಚ್ಚಿ, ಬಾಯಿ ಒಡೆದುಕೊಂಡು, ಹೊಳೆಯ ನೀರಿನಲ್ಲಿ ನಿಂತೇ ಪ್ರಾಣ ಬಿಟ್ಟಿತು. ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲೂ ಕಾಡುಹಂದಿ ಎರಡನೇ ಅನುಸೂಚಿಯ, ಅಂದರೆ ರಕ್ಷಿತ ಪ್ರಾಣಿಗಳ ಎರಡನೇ ಪಟ್ಟಿಯ ಪ್ರಾಣಿ. ಕೊಂದವನಷ್ಟೇ ಅಲ್ಲ, ಮಾಂಸ ಇಟ್ಟುಕೊಂಡವನೂ ಸಿಕ್ಕಿಬೀಳುತ್ತಾನೆ. ಬೆಳೆ ಉಳಿಸಲು ಹಂದಿಯನ್ನು ಹೊಡೆಯಲೇಬೇಕಾದರೆ ಅದಕ್ಕೆ ಲೆಕ್ಕವಿರುವ ದಾರಿ ಬೇಕು. ಕೇರಳದಲ್ಲಿ 2022ರಿಂದ ಪಂಚಾಯಿತಿ ಅಧ್ಯಕ್ಷರೇ ಅನುಮತಿ ಕೊಡಬಹುದು, ಆದರೆ ಹೊಡೆದ ಹಂದಿಯನ್ನು ಹೂಳಬೇಕು. ತಿನ್ನುವ ಆಸೆ ಸೇರಿಕೊಂಡರೆ ಬೆಳೆಯ ನೆಪ ಬೆಳೆಯುತ್ತಲೇ ಹೋಗುತ್ತದೆ ಎಂಬ ಎಚ್ಚರ ಅದರಲ್ಲಿದೆ ಎಂದು ನನ್ನ ಭಾವನೆ. ನಿಮ್ಮ ಹೋಮ್‌ಸ್ಟೇಯವರಿಗೆ ಸಾಕಿದ ಹಂದಿ ಸಾಕು.

ಪ್ರಶ್ನೆ: ನಮ್ಮ ಪಕ್ಕದ ಹೊಲದ ಅಣ್ಣ ಬೆಳಗಿನ ಜಾವ ಮೋಟಾರ್ ಹಾಕಲು ಹೋದಾಗ ಕರಡಿ ಮೇಲೆ ಬಿದ್ದು ಮುಖವನ್ನು ಹರಿದುಹಾಕಿತು. ಒಂದು ಕಣ್ಣು ಹೋಗಿದೆ. ಊರಿನವರು ಉರುಳು ಹಾಕಿ ಮುಗಿಸೋಣ ಅನ್ನುತ್ತಿದ್ದಾರೆ, ಪಿತ್ತಕೋಶಕ್ಕೆ ಒಳ್ಳೆಯ ಬೆಲೆ ಬರುತ್ತದೆಂದು ಒಬ್ಬ ಬಂದು ಹೇಳಿ ಹೋದ. ಮನುಷ್ಯನ ಮುಖಕ್ಕಿಂತ ಕರಡಿ ದೊಡ್ಡದೇ?
— ಕೂಡ್ಲಿಗಿ ತಾಲ್ಲೂಕಿನ ರೈತ

ಉತ್ತರ: ದೊಡ್ಡದಲ್ಲ. ನಿಮ್ಮ ನೆರೆಯವರ ಮುಖದ ಬಗ್ಗೆ ಯೋಚಿಸದೆ ಕರಡಿಯ ಪರವಾಗಿ ಮಾತನಾಡುವ ಹಕ್ಕು ನಗರದಲ್ಲಿ ಕುಳಿತ ಯಾರಿಗೂ ಇಲ್ಲ. ಮೈಮೇಲೆ ಬಿದ್ದ ಕರಡಿಯನ್ನು ಜೀವ ಉಳಿಸಿಕೊಳ್ಳಲು ಹೊಡೆದರೆ, ಅದು ಸತ್ತರೂ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧವಲ್ಲ. ಆದರೆ ನಾಲ್ಕು ದಿನ ಬಿಟ್ಟು ಹಾಕುವ ಉರುಳು ಆತ್ಮರಕ್ಷಣೆಯಲ್ಲ. ಕರಡಿ ಆ ಕಾಯ್ದೆಯ ಅತಿ ಹೆಚ್ಚು ರಕ್ಷಣೆಯ ಒಂದನೇ ಅನುಸೂಚಿಯಲ್ಲಿದೆ, ಕೊಂದರೆ ಶಿಕ್ಷೆ ಮೂರರಿಂದ ಏಳು ವರ್ಷ. ಅದಿರಲಿ, ಆ ಉರುಳಿಗೆ ಬೀಳುವುದು ಅದೇ ಕರಡಿ ಎಂದು ಹೇಳುವವರು ಯಾರು?

ದರೋಜಿಯ ಕರಡಿಧಾಮ 1994ರಲ್ಲಿ ಘೋಷಣೆಯಾದದ್ದು. ಅಲ್ಲಿಯ ವೀಕ್ಷಣಾ ಗೋಪುರದಿಂದ ಒಂದು ಸಂಜೆ ನಾನು ಕಂಡದ್ದನ್ನು ಹೇಳುತ್ತೇನೆ. ಬಂಡೆಯ ಸಂದಿನಿಂದ ಒಂದು ತಾಯಿ ಹೊರಬಂತು, ಬೆನ್ನಿನ ಜೂಲಿಗೆ ಎರಡು ಮರಿಗಳು ಅಂಟಿಕೊಂಡಿದ್ದವು. ಅದು ಪ್ರತಿ ಹೆಜ್ಜೆಗೂ ನಿಂತು ಮೂಗೆತ್ತಿ ಗಾಳಿ ಮೂಸುತ್ತಿತ್ತು, ಏಕೆಂದರೆ ಅದಕ್ಕೆ ಕಣ್ಣು ಮಂದ. ಗೆದ್ದಲಿನ ಹುತ್ತದೊಳಗೆ ಮೂತಿಯಿಟ್ಟು ಹೀರುವಾಗಲಂತೂ ಪಕ್ಕದಲ್ಲಿ ಯಾರು ಬಂದರೂ ತಿಳಿಯುವುದಿಲ್ಲ. ಹುಲಿಯಿದ್ದ ಕಾಡಿನಲ್ಲಿ ಬಾಳಿದ ಪ್ರಾಣಿ ಅದು. ತಟ್ಟನೆ ಎದುರಾದರೆ ಓಡದೆ ಎದ್ದು ನಿಂತು ಪಂಜ ಬೀಸುತ್ತದೆ, ಏಟು ಮುಖಕ್ಕೇ ಬೀಳುತ್ತದೆ. ತಿನ್ನುವುದಕ್ಕೆಂದಾಗಲಿ ಹಗೆಯಿಂದಾಗಲಿ ಅದು ಬರುವುದಿಲ್ಲ. ಬೋರೆ, ಕವಳೆ, ಕಕ್ಕೆ, ನೇರಳೆ ತಿಂದು ಬೀಜವನ್ನು ಗುಡ್ಡದ ತುಂಬ ಹರಡುತ್ತದೆ. ನಿಮ್ಮ ಬದುವಿನಲ್ಲಿ ಅದರ ಹಿಕ್ಕೆಯನ್ನು ಕಡ್ಡಿಯಿಂದ ಕೆದಕಿದರೆ ಇಡಿಯಿಡೀ ಬೀಜಗಳೇ ಸಿಗುತ್ತವೆ. ಅದರ ಮನೆಯಾದ ಬಂಡೆಗುಡ್ಡಗಳನ್ನು ಕ್ವಾರಿಗೂ ಅದಿರಿಗೂ ಒಡೆದದ್ದು ನಾವು.

ಪಿತ್ತದ ಬೆಲೆ ಹೇಳಿ ಹೋದವನನ್ನು ಊರೊಳಗೆ ಬಿಡಬೇಡಿ. ಆ ಪಿತ್ತದಲ್ಲಿರುವ ಔಷಧದ ಗುಣವುಳ್ಳ ಆಮ್ಲವನ್ನು ಈಗ ಕಾರ್ಖಾನೆಯಲ್ಲಿ ತಯಾರಿಸುತ್ತಾರೆ, ಪಿತ್ತಜನಕಾಂಗದ ಕಾಯಿಲೆಗೆ ಅದರ ಮಾತ್ರೆ ಪೇಟೆಯ ಔಷಧದಂಗಡಿಯಲ್ಲೇ ಸಿಗುತ್ತದೆ. ಒಂದು ಕಾಲದಲ್ಲಿ ಕರಡಿಯ ಮೂಗು ಚುಚ್ಚಿ ಹಗ್ಗ ಹಾಕಿ ಬೀದಿಯಲ್ಲಿ ಕುಣಿಸುತ್ತಿದ್ದಾಗ, ನಮ್ಮ ಮನೆಗಳಲ್ಲೇ ಮಕ್ಕಳ ಹೆದರಿಕೆ ಹೋಗಲೆಂದು ಅದರ ಕೂದಲಿನ ತಾಯಿತ ಕಟ್ಟಿಸಿದ್ದೇವೆ. ಆ ನೋವಿನಲ್ಲಿ ನಮ್ಮ ಪಾಲೂ ಇತ್ತು.

ಈಗ ಆಗಬೇಕಾದ ಕೆಲಸ. ನಿಮ್ಮ ನೆರೆಯವರ ಆಸ್ಪತ್ರೆಯ ಚೀಟಿಗಳನ್ನು ಒಂದೂ ಬಿಡದೆ ಜೋಡಿಸಿ ವಲಯ ಅರಣ್ಯಾಧಿಕಾರಿಗೆ ಪರಿಹಾರದ ಅರ್ಜಿ ಕೊಡಿಸಿ, ಕೊಟ್ಟದ್ದಕ್ಕೆ ಸಹಿ ಮಾಡಿದ ಸ್ವೀಕೃತಿ ಪಡೆಯಿರಿ. ಬೆಳಕು ಹರಿಯುವ ಮುನ್ನ ಒಬ್ಬರೇ ಹೋಗಬೇಡಿ. ಇಬ್ಬರು ಮೂವರು ಬ್ಯಾಟರಿ ಹಿಡಿದು, ಜೋರಾಗಿ ಮಾತಾಡುತ್ತಾ ಹೋಗಿ, ಸದ್ದು ಕೇಳಿದರೆ ಅದೇ ಸರಿದುಹೋಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಗುಡ್ಡದಂಚಿನ ಹೊಲಗಳಿಗೆ ತ್ರೀ ಫೇಸ್ ಕರೆಂಟನ್ನು ಹಗಲಿನಲ್ಲೇ ಕೊಡಬೇಕೆಂದು ಊರಿನ ಎಲ್ಲರ ಸಹಿ ಹಾಕಿಸಿ ವಿದ್ಯುತ್ ಕಚೇರಿಗೂ ಶಾಸಕರಿಗೂ ಒಂದೊಂದು ಪ್ರತಿ ಕೊಡಿ. ರಾತ್ರಿ ಕರೆಂಟು ಕೊಟ್ಟು ರೈತನನ್ನು ಕತ್ತಲಲ್ಲಿ ಹೊಲಕ್ಕೆ ಅಟ್ಟುವವರೆಗೂ ಎಷ್ಟು ಕರಡಿ ಸತ್ತರೂ ಈ ಗಾಯ ನಿಲ್ಲುವುದಿಲ್ಲ. ಅರ್ಜಿಯ ಒಂದು ಪ್ರತಿಯನ್ನು ನಮ್ಮ ಪತ್ರಿಕೆಗೂ ಕಳುಹಿಸಿ. ಮುಂದಿನ ಸಂಚಿಕೆಯಲ್ಲಿ ಅದನ್ನು ಪೂರ್ತಿಯಾಗಿ ಅಚ್ಚು ಹಾಕುತ್ತೇವೆ.