ಒಂದೇ ಸಾಲಿನ ಹಿಂಬರಹದಿಂದ ಪರವಾನಗಿ ರದ್ದಾಗಿದೆ, ಧಾರವಾಡ ಹೈಕೋರ್ಟಿಗೆ ಹೋದರೆ ವಾಪಸ್ ಸಿಗುತ್ತದೆಯೇ?

ನೀವು ಕೇಳಿದ್ದು ಇಷ್ಟು: ಹಾವೇರಿಯಲ್ಲಿ ಖಾನಾವಳಿ ನಡೆಸುತ್ತಿದ್ದೀರಿ. ನೋಟಿಸೂ ಇಲ್ಲ, ವಿಚಾರಣೆಯೂ ಇಲ್ಲ. ‘ದೂರು ಬಂದ ಹಿನ್ನೆಲೆಯಲ್ಲಿ ಪರಿಶೀಲಿಸಲಾಗಿ, ನಿಯಮಾನುಸಾರ ನಿಮ್ಮ ಪರವಾನಗಿಯನ್ನು ರದ್ದುಪಡಿಸಲಾಗಿದೆ’ ಎಂಬ ಹಿಂಬರಹ (ಕಚೇರಿಯಿಂದ ಬರುವ ಲಿಖಿತ ತಿಳಿವಳಿಕೆ) ಕೈಗೆ ಬಂದಿದೆ. ಹೈಕೋರ್ಟಿಗೆ ನೇರವಾಗಿ ಹೋಗಬಹುದೇ, ಗೆದ್ದರೆ ಪರವಾನಗಿ ವಾಪಸ್ ಬರುತ್ತದೆಯೇ?

ಹೋಗಬಹುದು, ಬೆಂಗಳೂರಿನವರೆಗೂ ಹೋಗಬೇಕಿಲ್ಲ. ಹಾವೇರಿ, ಗದಗ, ಧಾರವಾಡ ಜಿಲ್ಲೆಗಳ ರಿಟ್ ಅರ್ಜಿಗಳು (ಸರ್ಕಾರಿ ಆದೇಶವನ್ನು ಹೈಕೋರ್ಟಿನಲ್ಲಿ ನೇರವಾಗಿ ಪ್ರಶ್ನಿಸುವ ಅರ್ಜಿಗಳು) ಧಾರವಾಡ ಪೀಠಕ್ಕೇ ಬರುತ್ತವೆ. 2008ರಲ್ಲಿ ಸಂಚಾರಿ ಪೀಠವಾಗಿ ಶುರುವಾದದ್ದು 2013ರಲ್ಲಿ ಕಾಯಂ ಆಯಿತು. ಎರಡನೇ ಪ್ರಶ್ನೆಗೆ ಮಾತ್ರ ನೀವು ಬಯಸಿದ ಉತ್ತರ ಸಿಗಲಿಕ್ಕಿಲ್ಲ. ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟು ನಿಮ್ಮ ಅಡುಗೆಮನೆ ಸ್ವಚ್ಛವಿತ್ತೋ ಇಲ್ಲವೋ ಎಂದು ತೀರ್ಮಾನಿಸಲು ಕೂರುವುದಿಲ್ಲ. ಅಧಿಕಾರಿಗೆ ಆ ಅಧಿಕಾರ ಇತ್ತೇ, ನಿಮ್ಮ ಮಾತು ಕೇಳಿದರೇ, ಕಾರಣ ಬರೆದರೇ, ಸ್ವಂತ ಬುದ್ಧಿಯಿಂದ ತೀರ್ಮಾನಿಸಿದರೇ ಎಂಬುದಷ್ಟನ್ನೇ ನೋಡುತ್ತದೆ. ಹೀಗಾಗಿ ಗೆದ್ದರೂ ಸಾಮಾನ್ಯವಾಗಿ ಬರುವ ಆದೇಶ ಒಂದೇ ತೆರನಾದದ್ದು: ಹಿಂಬರಹ ರದ್ದು, ಕಡತ ಅದೇ ಅಧಿಕಾರಿಗೆ ವಾಪಸ್, ನೋಟಿಸ್ ಕೊಟ್ಟು ಇಂತಿಷ್ಟು ವಾರದೊಳಗೆ ಹೊಸದಾಗಿ ತೀರ್ಮಾನಿಸಿ. ಹಿಂಬರಹ ರದ್ದಾದ ಕೂಡಲೇ ಹಳೆಯ ಪರವಾನಗಿಗೆ ಜೀವ ಬರುತ್ತದೆ, ಆದರೆ ಅದರ ಅವಧಿ ಉಳಿದಿದ್ದರೆ ಮಾತ್ರ.

ಬಹಳ ಜನ ಎಡವುವುದು ಇಲ್ಲೇ. ವ್ಯಾಪಾರ ಪರವಾನಗಿಗಳ ಅವಧಿ ಸಾಮಾನ್ಯವಾಗಿ ಮಾರ್ಚ್ ಕೊನೆಗೆ ಮುಗಿಯುತ್ತದೆ. ಜನವರಿಯಲ್ಲಿ ರಿಟ್ ಹಾಕಿ, ತಡೆಯಾಜ್ಞೆಯನ್ನೂ ತಂದು, ನವೀಕರಣದ ಅರ್ಜಿಯನ್ನೇ ಕೊಡದೆ ಕೂತರೆ ಏಪ್ರಿಲ್‌ನಲ್ಲಿ ಸರ್ಕಾರಿ ವಕೀಲರು ‘ಪರವಾನಗಿಯ ಅವಧಿಯೇ ಮುಗಿದಿದೆ, ಇನ್ನು ಈ ಅರ್ಜಿಯಲ್ಲಿ ಏನೂ ಉಳಿದಿಲ್ಲ’ ಎನ್ನುತ್ತಾರೆ. ಅವರು ಹೇಳುವುದು ಸರಿಯೇ ಇರುತ್ತದೆ. ಅದಕ್ಕೇ ರದ್ದತಿಯ ಜಗಳ ನಡೆಯುತ್ತಿರುವಾಗಲೇ, ಶುಲ್ಕದ ಸಮೇತ ನವೀಕರಣದ ಅರ್ಜಿ ಕೊಡಿ. ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಶೀದಿಯ ಜತೆ ಡೆಲಿವರಿ ಆದ ಟ್ರ್ಯಾಕಿಂಗ್ ಪುಟವನ್ನೂ ಪ್ರಿಂಟ್ ತೆಗೆದಿಡಿ. ರಿಜಿಸ್ಟರ್ಡ್ ಪೋಸ್ಟು 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲೇ ಸೇರಿಹೋಗಿದೆ.

ಈಗ ಆ ಹಿಂಬರಹವನ್ನೇ ಮುಂದಿಟ್ಟುಕೊಂಡು ಓದೋಣ. ‘ದೂರು ಬಂದ ಹಿನ್ನೆಲೆಯಲ್ಲಿ’: ಯಾರ ದೂರು, ಎಂದು ಕೊಟ್ಟದ್ದು, ಪ್ರತಿ ನಿಮಗೆ ಸಿಕ್ಕಿದೆಯೇ? ‘ಪರಿಶೀಲಿಸಲಾಗಿ’: ಯಾರು, ಯಾವ ತಾರೀಖಿಗೆ ಬಂದು ಪರಿಶೀಲಿಸಿದರು, ಪಂಚನಾಮೆ ಆಯಿತೇ? ‘ನಿಯಮಾನುಸಾರ’: ಯಾವ ನಿಯಮ? ಈ ಮೂರೂ ಪದ ತುಂಬಿದ ಹಾಗೆ ಕಾಣುತ್ತವೆ, ಒಳಗೆ ಏನೂ ಇಲ್ಲ. ಮುಂದೆ ಕೋರ್ಟಿನಲ್ಲಿ ಅಧಿಕಾರಿ ನಾಲ್ಕು ಪುಟದ ಆಕ್ಷೇಪಣೆ ಸಲ್ಲಿಸಿ ಕಾರಣ ತುಂಬಲು ಹೋಗುತ್ತಾರೆ. ಅದಕ್ಕೆ ಅವಕಾಶವಿಲ್ಲ. ಆದೇಶ ಅದರಲ್ಲಿ ಬರೆದ ಕಾರಣಗಳ ಮೇಲೆಯೇ ನಿಲ್ಲಬೇಕು, ಆಮೇಲೆ ಸಲ್ಲಿಸುವ ಅಫಿಡವಿಟ್ಟಿನಲ್ಲಿ ಹೊಸ ಕಾರಣ ಸೇರಿಸಿ ಅದನ್ನು ಬದುಕಿಸುವಂತಿಲ್ಲ ಎಂದು ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಈ ಮಾತಿನ ಬೇರು 1951ರ ಗೋರ್ಧನ್‌ದಾಸ್ ಭಾನ್‌ಜಿ ಪ್ರಕರಣದಲ್ಲಿದೆ. ಅದೂ ಅನುಮತಿ ರದ್ದಾದ ಜಗಳವೇ. ಮುಂಬೈಯ ಅಂಧೇರಿಯಲ್ಲಿ ಸಿನಿಮಾ ಮಂದಿರ ಕಟ್ಟಲು ಪೊಲೀಸ್ ಕಮಿಷನರ್ ಅನುಮತಿ ಕೊಟ್ಟಿದ್ದರು. ಆಮೇಲೆ ಸರ್ಕಾರ ಹೇಳಿತೆಂದು ಅದು ರದ್ದಾಯಿತು. ಕಾನೂನು ಅಧಿಕಾರ ಕೊಟ್ಟದ್ದು ಕಮಿಷನರಿಗೆ, ಆದ್ದರಿಂದ ಅವರೇ ಯೋಚಿಸಿ ತೀರ್ಮಾನಿಸಬೇಕಿತ್ತು ಎಂದು ಕೋರ್ಟು ಹೇಳಿತು. ನಿಮ್ಮ ಕಡತದಲ್ಲೂ ಜನಪ್ರತಿನಿಧಿಯ ಪತ್ರವೋ ಮೇಲಧಿಕಾರಿಯ ಫೋನಿನ ಪ್ರಸ್ತಾಪವೋ ಇದ್ದು, ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ ರದ್ದತಿ ಆಗಿದ್ದರೆ, ನೋಟಿಸ್ ಕೊಡದ ಲೋಪಕ್ಕಿಂತ ಗಟ್ಟಿಯಾದ ವಾದ ಅದೇ.

ಅದು ಗೊತ್ತಾಗಬೇಕಾದರೆ ಕಡತದ ಟಿಪ್ಪಣಿ ಹಾಳೆ (ಅಧಿಕಾರಿಗಳು ತಮ್ಮ ಅಭಿಪ್ರಾಯ ಬರೆಯುವ ಪುಟಗಳು) ಕೈಗೆ ಬರಬೇಕು. ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಕೊಡಿ, ಅವರಿಗೆ 30 ದಿನ ಅವಕಾಶ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ ಇದೆ. ಕಥೆ ಬರೆಯಬೇಡಿ. ‘ಇಂಥ ದಿನಾಂಕದ ಹಿಂಬರಹಕ್ಕೆ ಸಂಬಂಧಿಸಿದ ಸಂಪೂರ್ಣ ಕಡತ, ಟಿಪ್ಪಣಿ ಹಾಳೆ, ದೂರು ಹಾಗೂ ಪರಿಶೀಲನಾ ವರದಿಯ ದೃಢೀಕೃತ ಪ್ರತಿ’ ಎಂದರೆ ಸಾಕು. ಅದಕ್ಕಾಗಿ ರಿಟ್ ತಡಮಾಡಬೇಡಿ, ಆಮೇಲೆ ಹೆಚ್ಚುವರಿ ದಾಖಲೆಯಾಗಿ ಸೇರಿಸಬಹುದು. ರಿಟ್‌ಗೆ ಕಾಲಮಿತಿ ಬರೆದಿಲ್ಲ ನಿಜ, ಆದರೆ ವಿಳಂಬವೊಂದನ್ನೇ ಕಾರಣವಾಗಿಟ್ಟು ವಜಾ ಮಾಡುತ್ತಾರೆ. ನಡುವೆ ಮನವಿ ಮೇಲೆ ಮನವಿ ಕೊಟ್ಟರೆ ಸತ್ತ ಹಕ್ಕು ಎದ್ದು ಕೂರುವುದಿಲ್ಲ ಎಂದು 2008ರ ಸಿ. ಜಾಕೋಬ್ ತೀರ್ಪು ಹೇಳುತ್ತದೆ.

ಇನ್ನೊಂದು ಮಾತು, ಇದು ಹಳೆಯ ತಲೆಮಾರಿನ ಅರ್ಜಿಗಳಲ್ಲಿ ಕಾಣುವುದೇ ಇಲ್ಲ. ನೋಟಿಸ್ ಕೊಡಲಿಲ್ಲ ಎಂದಷ್ಟೇ ಹೇಳಿದರೆ ಈಗ ಸಾಲದು, ಅದರಿಂದ ನಿಮಗೇನು ಹಾನಿಯಾಯಿತು ಎಂದು ತೋರಿಸಬೇಕು ಎಂಬುದು 2020ರ ಸುಧೀರ್ ಕುಮಾರ್ ಸಿಂಗ್ ತೀರ್ಪಿನ ತಿರುಳು. ಆದ್ದರಿಂದ ಅರ್ಜಿಯಲ್ಲಿ ಒಂದು ಪ್ಯಾರಾ ಖಡಾಖಂಡಿತವಾಗಿ ಇರಲಿ: ನೋಟಿಸ್ ಬಂದಿದ್ದರೆ ನಾನು ಇಂತಿಂಥದ್ದನ್ನು ತೋರಿಸುತ್ತಿದ್ದೆ. ಆಹಾರ ನೋಂದಣಿ ಪ್ರಮಾಣಪತ್ರ, ನೀರಿನ ಪರೀಕ್ಷೆಯ ವರದಿ, ತೆರಿಗೆ ಕಟ್ಟಿದ ರಶೀದಿ, ದೂರುದಾರನ ಜತೆ ಇರುವ ದಾವೆಯ ಪ್ರತಿ, ಹೀಗೆ. ಈ ಪ್ಯಾರಾ ಇಲ್ಲದ ಅರ್ಜಿಯನ್ನು ನಾನಾದರೆ ಸಹಿ ಮಾಡದೆ ವಕೀಲರಿಗೆ ವಾಪಸ್ ಕೊಡುತ್ತೇನೆ.

ಕಾಯ್ದೆಯಲ್ಲೇ ಮೇಲ್ಮನವಿ ಇದೆಯಲ್ಲ, ಇಲ್ಲಿಗೇಕೆ ಬಂದಿರಿ ಎಂಬ ಪ್ರಶ್ನೆ ಮೊದಲ ದಿನವೇ ಬರುತ್ತದೆ. ಹುಬ್ಬಳ್ಳಿ-ಧಾರವಾಡಕ್ಕೆ 1976ರ ಪಾಲಿಕೆ ಕಾಯ್ದೆ, ನಗರಸಭೆ ಇರುವ ಊರಿಗೆ 1964ರ ಪುರಸಭೆಗಳ ಕಾಯ್ದೆ, ಎರಡರ ದಾರಿ ಬೇರೆ. ನಿಮ್ಮ ಉತ್ತರ 1998ರ ವರ್ಲ್‌ಪೂಲ್ ತೀರ್ಪಿನಲ್ಲಿದೆ: ಸಹಜ ನ್ಯಾಯದ ಉಲ್ಲಂಘನೆಯಾದಾಗ (ಅಂದರೆ ನಿಮ್ಮ ಮಾತು ಕೇಳದೆ ತೀರ್ಮಾನಿಸಿದಾಗ), ಅಧಿಕಾರವೇ ಇಲ್ಲದವರು ಆದೇಶ ಮಾಡಿದಾಗ ಮೇಲ್ಮನವಿಯ ದಾರಿ ಅಡ್ಡ ಬರುವುದಿಲ್ಲ. ಆದರೂ ಮೇಲ್ಮನವಿಯ ಗಡುವು ಯಾವಾಗ ಮುಗಿಯುತ್ತದೆ ಎಂದು ಗುರುತು ಹಾಕಿಕೊಂಡು, ಅದರೊಳಗೇ ರಿಟ್ ಹಾಕಿ. ಇದನ್ನು ಓದುವ ಉಳಿದವರಿಗೆ: ಹೊಲದ ಉತಾರ (ಪಹಣಿ), ವಾರಸಾ ತಕರಾರಿಗೆ ಈ ಮಾತು ಅನ್ವಯಿಸಿಕೊಳ್ಳಬೇಡಿ. ಅಲ್ಲಿ ಮೊದಲು ಭೂ ಕಂದಾಯ ಕಾಯ್ದೆಯ 136(2)ರಡಿ ಉಪವಿಭಾಗಾಧಿಕಾರಿ, ಆಮೇಲೆ 136(3)ರಡಿ ಜಿಲ್ಲಾಧಿಕಾರಿ. ಮಾಲೀಕತ್ವದ ಜಗಳವಾದರೆ ಸಿವಿಲ್ ಕೋರ್ಟು.

ಅರ್ಜಿಯಲ್ಲಿ ಆದೇಶಕ್ಕೆ ಸಹಿ ಮಾಡಿದ ಅಧಿಕಾರಿಯನ್ನು ಹುದ್ದೆಯ ಹೆಸರಿನಿಂದ ಪ್ರತಿವಾದಿ ಮಾಡಿ. ನಿಮ್ಮ ಜಾಗದಲ್ಲಿ ಬೇರೆಯವರಿಗೆ ಪರವಾನಗಿ ಸಿಕ್ಕಿದ್ದರೆ ಅವರನ್ನೂ ಸೇರಿಸಲೇಬೇಕು, ಇಲ್ಲದಿದ್ದರೆ ಅರ್ಜಿ ಅಲ್ಲೇ ಕುಸಿಯುತ್ತದೆ. ಮಸುಕಾದ ಜೆರಾಕ್ಸಿಗೆ ಕಚೇರಿ ಆಕ್ಷೇಪಣೆ ಬಂದು ವಾರಗಟ್ಟಲೆ ಹೋಗುತ್ತದೆ, ಟೈಪ್ ಮಾಡಿದ ಪ್ರತಿ ಜತೆಗಿಡಿ. ಏಕಸದಸ್ಯ ಪೀಠದಲ್ಲಿ ಸೋತರೆ 1961ರ ಕರ್ನಾಟಕ ಹೈಕೋರ್ಟ್ ಕಾಯ್ದೆಯ 4ನೇ ಕಲಮಿನಡಿ ವಿಭಾಗೀಯ ಪೀಠಕ್ಕೆ ರಿಟ್ ಮೇಲ್ಮನವಿ, 30 ದಿನದೊಳಗೆ.

ಗೆದ್ದರೆ ಕೆಲಸ ಮುಗಿಯಲಿಲ್ಲ. ‘ಆದೇಶದ ಪ್ರತಿ ತಲುಪಿದ ದಿನದಿಂದ ಇಂತಿಷ್ಟು ವಾರ’ ಎಂದು ಬರೆದಿರುತ್ತಾರೆ, ಅಂದರೆ ನೀವು ತಲುಪಿಸುವವರೆಗೆ ಗಡಿಯಾರ ಓಡುವುದೇ ಇಲ್ಲ. ದೃಢೀಕೃತ ಪ್ರತಿ ತೆಗೆಸಿ, ಕಚೇರಿಯ ಆವಕ ವಿಭಾಗದಲ್ಲಿ (ಬಂದ ಪತ್ರ ಸ್ವೀಕರಿಸುವಲ್ಲಿ) ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸಿಕ್ಕಾ (ಮೊಹರು), ತಾರೀಖು, ಆವಕ ಸಂಖ್ಯೆ ಮೂರನ್ನೂ ಹಾಕಿಸಿಕೊಳ್ಳಿ. ಗಡುವು ದಾಟಿದರೂ ಆದೇಶ ಮಾಡದಿದ್ದರೆ ನ್ಯಾಯಾಂಗ ನಿಂದನೆ ಅರ್ಜಿಗೆ ಒಂದು ವರ್ಷದ ಅವಕಾಶ ಇದೆ, ಅಲ್ಲಿ ಮೊದಲು ಕೇಳುವುದು ಆ ಸಿಕ್ಕಾ ಇರುವ ಹಾಳೆಯನ್ನೇ.