ಮೇನ್ ಬೋರ್ಡ್ ಚಟಚಟ ಅನ್ನುತ್ತಿದೆ, ಸುಮ್ನೆ ಬಿಡಬಹುದಾ?

ಪ್ರಶ್ನೆ: ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನಮ್ಮ ಮನೆ. ಕಟ್ಟಿಸಿ 22 ವರ್ಷ ಆಯ್ತು. ಎರಡು ತಿಂಗಳಿಂದ ಮೇನ್ ಬೋರ್ಡ್‌ನಿಂದ ಸದ್ದು ಬರುತ್ತಿದೆ. ಬೆಳಿಗ್ಗೆ ಗೀಸರ್ ಹಾಕಿದಾಗ ಚಟಚಟ ಅನ್ನುತ್ತದೆ, ಹಾಲ್‌ನ ಲೈಟ್ ಮಿಣುಕುತ್ತದೆ. ಬೋರ್ಡ್ ಮೇಲೆ ತಟ್ಟಿದರೆ ನಿಲ್ಲುತ್ತದೆ. ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಒಂದು ಸಲವೂ ಟ್ರಿಪ್ ಆಗಿಲ್ಲ. ಹಾಗಾಗಿ ಬಿಡಬಹುದು ಅಲ್ವಾ? ಮಲಗುವ ಕೋಣೆಯ ಫ್ಯಾನ್ ರೆಗ್ಯುಲೇಟರ್ ಕೂಡ ಗುಂಯ್ ಅನ್ನುತ್ತದೆ.

ಉತ್ತರ: ದಯವಿಟ್ಟು ಬಿಡಬೇಡಿ. ವೈರ್‌ಮನ್ ಬಂದು ನೋಡುವವರೆಗೆ ಗೀಸರ್ ಹಾಕಬೇಡಿ, ಒಲೆ ಮೇಲೆ ನೀರು ಕಾಯಿಸಿಕೊಳ್ಳಿ. ಬೋರ್ಡ್ ತಟ್ಟುವುದನ್ನೂ ಇವತ್ತೇ ನಿಲ್ಲಿಸಿ.

ತಟ್ಟಿದರೆ ಸದ್ದು ನಿಲ್ಲುತ್ತದೆ ಎಂದು ಬರೆದಿದ್ದೀರಲ್ಲ, ನಿಮ್ಮ ಪತ್ರದಲ್ಲಿ ನನಗೆ ಗಾಬರಿ ಹುಟ್ಟಿಸಿದ್ದು ಅದೇ ಮಾತು. ಒಳಗೆ ಎಲ್ಲೋ ಒಂದು ಸ್ಕ್ರೂ ಸಡಿಲವಾಗಿದೆ. ತಟ್ಟಿದಾಗ ವೈರ್ ಸ್ವಲ್ಪ ಕೂರುತ್ತದೆ, ಆಮೇಲೆ ಮತ್ತೆ ಅಲುಗುತ್ತದೆ. ಆ ಸಣ್ಣ ಸಂದಿಯಲ್ಲಿ ಕರೆಂಟ್ ಕಿಡಿಯಾಗಿ ಹಾರುವುದೇ ನಿಮಗೆ ಕೇಳುವ ಚಟಚಟ.

ಲೆಕ್ಕ ಹಾಕಿ ನೋಡಿ. 2000 ವಾಟ್‌ನ ಗೀಸರ್ 230 ವೋಲ್ಟ್‌ನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತದೆ. ಸಡಿಲವಾದ ಜಾಗದಲ್ಲಿ ಬರೀ ಅರ್ಧ ಓಮ್ ತಡೆ ಇದ್ದರೂ ಅಲ್ಲಿ 40 ವಾಟ್ ಶಾಖ ಹುಟ್ಟುತ್ತದೆ. ರೇಡಿಯೊ ರಿಪೇರಿಯವರು ಸೀಸ ಕರಗಿಸುವ ಸೋಲ್ಡರಿಂಗ್ ಕಡ್ಡಿ 25 ವಾಟ್‌ನದ್ದು. ಅದಕ್ಕಿಂತ ಜಾಸ್ತಿ ಬಿಸಿ ಒಂದು ಸ್ಕ್ರೂ ತಲೆಯ ಮೇಲೆ, ಪ್ಲಾಸ್ಟಿಕ್ ಪಕ್ಕದಲ್ಲಿ, ದಿನಾ ಬೆಳಿಗ್ಗೆ.

ಹಾಗಾದರೆ ಎಂಸಿಬಿ ಯಾಕೆ ಬೀಳಲಿಲ್ಲ? ತನ್ನ ಮೂಲಕ ಎಷ್ಟು ಕರೆಂಟ್ ಹೋಗುತ್ತಿದೆ ಎಂಬುದಷ್ಟೇ ಅದಕ್ಕೆ ಗೊತ್ತು. ಸ್ಕ್ರೂ ಸಡಿಲ ಇದ್ದರೂ ಹೋಗುವುದು ಅದೇ 9 ಆಂಪಿಯರ್. ಶಾಕ್‌ನಿಂದ ಕಾಪಾಡುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇದ್ದರೂ ಅಷ್ಟೇ, ಅದು ನೋಡುವುದು ಕರೆಂಟ್ ಸೋರಿಕೆಯನ್ನು. ಎರಡಕ್ಕೂ ಈ ಕಿಡಿ ಕಾಣುವುದಿಲ್ಲ. ಹಾಗಾಗಿ ಟ್ರಿಪ್ ಆಗಿಲ್ಲ ಎಂದು ಧೈರ್ಯ ತಂದುಕೊಳ್ಳಬೇಡಿ. ಸದ್ಯಕ್ಕೆ ನಿಮಗಿರುವ ಎಚ್ಚರಿಕೆ ಗಂಟೆ ನಿಮ್ಮ ಕಿವಿ ಮತ್ತು ಮೂಗು ಮಾತ್ರ.

ಪ್ಲಾಸ್ಟಿಕ್ ಸುಟ್ಟ ವಾಸನೆ ಅಥವಾ ಮೀನಿನಂಥ ವಾಸನೆ ಬಂದರೆ, ಎಂಸಿಬಿ ಸುತ್ತ ಕಂದು ಕಲೆ ಕಂಡರೆ, ಕೂಡಲೇ ಮೇನ್ ಆಫ್ ಮಾಡಿ. ಹೊಗೆ ಬರುತ್ತಿದ್ದರೆ ಬೋರ್ಡ್ ಹತ್ತಿರವೇ ಹೋಗಬೇಡಿ. ನೀರು ಎರಚಬೇಡಿ. ಎಲ್ಲರೂ ಹೊರಗೆ ಬಂದು 112ಕ್ಕೆ ಫೋನ್ ಮಾಡಿ, ಲೈನ್ ಕಟ್ ಮಾಡಿಸಲು ಬೆಸ್ಕಾಂನ 1912ಕ್ಕೂ ಹೇಳಿ.

ಮುಚ್ಚಳ ನೀವೇ ಬಿಚ್ಚಬೇಡಿ. ಮೇನ್ ಆಫ್ ಮಾಡಿದರೂ ಮೀಟರ್‌ನಿಂದ ಬರುವ ವೈರ್‌ನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಲೈನ್ ಕೂಡ ಬದುಕಿರುತ್ತದೆ. ಇದನ್ನು ಮರೆತು ಶಾಕ್ ಹೊಡೆಸಿಕೊಂಡ ಅನುಭವಸ್ಥ ವೈರ್‌ಮನ್‌ಗಳನ್ನೇ ನಾನು ನೋಡಿದ್ದೇನೆ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನನ್ನೇ ಕರೆಸಿ, ಇನ್ವರ್ಟರ್ ಎಲ್ಲಿದೆ ಎಂದು ಮೊದಲೇ ತೋರಿಸಿ.

ಬಂದವರು ಸ್ಕ್ರೂ ಬಿಗಿ ಮಾಡಿ ಹೊರಟರೆ ಕೆಲಸ ಅರ್ಧ ಆದಂತೆ. ಬಿಸಿಗೆ ಕಪ್ಪಾದ ತಂತಿಯನ್ನು ಎಷ್ಟು ಬಿಗಿ ಮಾಡಿದರೂ ಅದು ಮತ್ತೆ ಕಾಯುತ್ತದೆ. ಸುಟ್ಟ ತುದಿಯನ್ನು ಕತ್ತರಿಸಿ, ಹೊಳೆಯುವ ತಾಮ್ರ ಬರುವವರೆಗೆ ಸುಲಿದು, ಹೊಸದಾಗಿ ಕೂರಿಸಬೇಕು. ಎಂಸಿಬಿಯಲ್ಲಿ ವೈರ್ ಕೂರುವ ಬಾಯಿ ಸುಟ್ಟಿದ್ದರೆ ಅದನ್ನೂ ಬದಲಿಸಿ. ನ್ಯೂಟ್ರಲ್ ಪಟ್ಟಿಯ (ಕರೆಂಟ್ ವಾಪಸ್ ಹೋಗುವ ವೈರ್‌ಗಳೆಲ್ಲ ಸೇರುವ ಲೋಹದ ಪಟ್ಟಿ) ಸ್ಕ್ರೂಗಳನ್ನೂ ಒಂದೊಂದಾಗಿ ನೋಡಿ ಎಂದು ಬಾಯಿಬಿಟ್ಟು ಹೇಳಿ. ಎಷ್ಟೋ ಜನ ಕರೆಂಟ್ ಬರುವ ಫೇಸ್ ಕಡೆ ಮಾತ್ರ ನೋಡುತ್ತಾರೆ. ನಿಮ್ಮದು ತ್ರೀ ಫೇಸ್ ಸಂಪರ್ಕವಾಗಿದ್ದರೆ ಇದು ಇನ್ನೂ ಮುಖ್ಯ. ಮೇನ್ ನ್ಯೂಟ್ರಲ್ ಬಿಟ್ಟುಹೋದರೆ ಕೆಲವು ಲೈನ್‌ಗಳಲ್ಲಿ ವೋಲ್ಟೇಜ್ 400ರ ಹತ್ತಿರ ಹೋಗಿ ಟಿವಿ, ಫ್ರಿಜ್ ಸುಟ್ಟುಹೋಗಬಹುದು. ಮೀಟರ್ ಮತ್ತು ಅದರ ಸೀಲ್ ಮಾತ್ರ ಬೆಸ್ಕಾಂನವರೇ ಮುಟ್ಟಬೇಕು.

ಗೀಸರ್ ವೈರ್ 2.5 ಚದರ ಮಿಲಿಮೀಟರ್‌ನ ತಾಮ್ರದ್ದಾಗಿದ್ದರೆ 16 ಆಂಪಿಯರ್ ಎಂಸಿಬಿ ಸರಿ. 32ರದ್ದು ಹಾಕಿಬಿಡೋಣ ಎಂದರೆ ಖಂಡಿತ ಒಪ್ಪಬೇಡಿ. ಆಗ ಎಂಸಿಬಿ ಬೀಳುವ ಮೊದಲೇ ವೈರ್ ಕಾಯುತ್ತದೆ. ಎಲ್ಲ ಮುಗಿದ ಮೇಲೆ ಅವರು ಇರುವಾಗಲೇ ಗೀಸರ್ ಹಾಕಿಸಿ, ನೀರು ಕಾಯುವ ತನಕ ಬೋರ್ಡ್ ಪಕ್ಕ ನಿಂತು ಕೇಳಿ.

ರೆಗ್ಯುಲೇಟರ್ ವಿಷಯ ಇಷ್ಟು ಗಂಭೀರ ಅಲ್ಲ. ನಮ್ಮ ಕರೆಂಟ್ ಅಲೆಯಂತೆ ಸೆಕೆಂಡಿಗೆ 100 ಸಲ ದಿಕ್ಕು ಬದಲಿಸುತ್ತದೆ. ಕೆಲವು ಎಲೆಕ್ಟ್ರಾನಿಕ್ ರೆಗ್ಯುಲೇಟರ್‌ಗಳು ಆ ಅಲೆಯನ್ನು ಕತ್ತರಿಸಿ ಫ್ಯಾನ್‌ಗೆ ಕೊಡುತ್ತವೆ. ಅದಕ್ಕೇ ನಿಧಾನದ ವೇಗದಲ್ಲಿ ಗುಂಯ್ ಜಾಸ್ತಿ ಕೇಳುತ್ತದೆ. ಕೆಪಾಸಿಟರ್ ಇರುವ ಸ್ಟೆಪ್ ರೆಗ್ಯುಲೇಟರ್ ಹಾಕಿಸಿದರೆ ಈ ಸದ್ದು ಬಹುಮಟ್ಟಿಗೆ ಹೋಗುತ್ತದೆ. ಅದೇ ಎಲೆಕ್ಟ್ರಿಷಿಯನ್ ಬಂದಾಗ ಇದನ್ನೂ ಮಾಡಿಸಿಕೊಳ್ಳಿ.