‘ಮೊದಿಲ್ಯಾನಿ’ ಲೇಖನವನ್ನು ಹಿಂತಿರುಗಿಸುತ್ತಾ

ಮಾನ್ಯರೇ,

ಇಟಲಿಯ ‘ಮೊದಿಲ್ಯಾನಿ’ ಎಂಬ ಅಪರೂಪದ ಅಡ್ಡಹೆಸರಿನ ಮೂಲವನ್ನೂ ಹರಡುವಿಕೆಯನ್ನೂ ಕುರಿತು ನೀವು ಕಳುಹಿಸಿದ ಹದಿನಾಲ್ಕು ಪುಟಗಳ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗುವುದಿಲ್ಲ. ಹಾಗೆಂದು ಒಂದು ಸಾಲಿನ ವಿಷಾದಪತ್ರ ಬರೆದು ಕೈತೊಳೆದುಕೊಳ್ಳಲು ಮನಸ್ಸು ಬರಲಿಲ್ಲ. ಏಕೆಂದರೆ ಒಂಬತ್ತನೆಯ ಪುಟದ ಕೆಳತುದಿಯಲ್ಲಿ, ಬೇರೇನನ್ನೋ ಹೇಳುವ ಅವಸರದಲ್ಲಿ, ನೀವು ಒಂದು ಒಳ್ಳೆಯ ವಾಕ್ಯವನ್ನು ಬರೆದು ಅಲ್ಲಿಯೇ ಬಿಟ್ಟು ಹೋಗಿದ್ದೀರಿ. ಮೊದಿಲ್ಯಾನಾ ಎಂಬ ಊರಿನಲ್ಲಿ 1826ರಲ್ಲಿ ಹುಟ್ಟಿದ ಪ್ರಸಿದ್ಧ ಚಿತ್ರಕಾರನ ಹೆಸರು ಸಿಲ್ವೆಸ್ತ್ರೋ ಲೇಗಾ, ಆದರೆ ಅಮೆದೇಯೋ ಮೊದಿಲ್ಯಾನಿ ಎಂಬ ಹೆಸರಿನ ಚಿತ್ರಕಾರ ಹುಟ್ಟಿದ್ದು ದೂರದ ಲಿವೋರ್ನೋ ಬಂದರಿನಲ್ಲಿ, 1884ರಲ್ಲಿ, ಎನ್ನುವುದು ಆ ವಾಕ್ಯ. ಲೇಖನ ಶುರುವಾಗಬೇಕಾದದ್ದು ಅಲ್ಲಿಂದ.

ಆ ಊರಿನವನಿಗೆ ಆ ಊರಿನ ಹೆಸರಿಲ್ಲ, ಆ ಊರಿನ ಹೆಸರಿದ್ದವನು ಆ ಊರಿನವನಲ್ಲ. ಇದು ವಿಚಿತ್ರವೇನೂ ಅಲ್ಲ. ಊರಿನಿಂದ ಬಂದ ಅಡ್ಡಹೆಸರುಗಳು ಹುಟ್ಟುವುದೇ ಹೀಗೆ. ಮೊದಿಲ್ಯಾನಾದಲ್ಲಿಯೇ ಉಳಿದವನನ್ನು ಅಲ್ಲಿನ ನೆರೆಯವರು ‘ಮೊದಿಲ್ಯಾನಾದವನು’ ಎಂದು ಕರೆಯುವುದರಲ್ಲಿ ಅರ್ಥವಿಲ್ಲ, ಏಕೆಂದರೆ ಅವರೆಲ್ಲರೂ ಅಲ್ಲಿನವರೇ. ಊರು ಬಿಟ್ಟು ಬೇರೆಡೆ ನೆಲೆಸಿದ ಮೇಲೆ, ಹೊಸ ಊರಿನ ಜನ ಗುರುತಿಗಾಗಿ ಹಳೆಯ ಊರಿನ ಹೆಸರಿನಿಂದ ಕರೆಯತೊಡಗುತ್ತಾರೆ, ಮಕ್ಕಳ ಕಾಲಕ್ಕೆ ಅದು ದಾಖಲೆಗೆ ಹತ್ತುತ್ತದೆ. ಇದನ್ನು ವಿವರಿಸಲು ನೀವು ಹುಬ್ಬಳ್ಳಿ, ನರಗುಂದ, ಬದಾಮಿ ಎಂದು ನಮ್ಮ ಉತ್ತರ ಕರ್ನಾಟಕದ ಅಡ್ಡಹೆಸರುಗಳಿಗಾಗಿ ಮೊದಲ ಎರಡು ಪುಟಗಳನ್ನು ಮೀಸಲಿಟ್ಟಿದ್ದೀರಿ. ಕನ್ನಡದ ಓದುಗರಿಗೆ ಅದು ಒಂದು ವಾಕ್ಯದಲ್ಲಿ ಅರ್ಥವಾಗುವ ಸಂಗತಿ. ಆ ಎರಡು ಪುಟಗಳನ್ನು ತೆಗೆಯಿರಿ. ಅಂದಹಾಗೆ, ಒಂದೇ ಪುಟದಲ್ಲಿ ‘ಉಪನಾಮ’, ‘ಕುಟುಂಬನಾಮ’, ‘ಸರ್‌ನೇಮ್’ ಎಂದು ಮೂರು ಪದಗಳನ್ನು ಬಳಸಿದ್ದೀರಿ. ಯಾವುದಾದರೂ ಒಂದನ್ನು ಹಿಡಿದು ಕೊನೆಯವರೆಗೂ ಅದನ್ನೇ ಬಳಸಿ.

ಇನ್ನು ಲೇಖನದ ಅತಿ ದುರ್ಬಲವಾದ ಭಾಗಕ್ಕೆ ಬರುತ್ತೇನೆ. ಹೆಸರಿನ ಮೊದಲರ್ಧ ನಮ್ಮ ‘ಮೋಡಿ’ಯೇ ಇರಬಹುದು, ಏಕೆಂದರೆ ಆ ಕಲಾವಿದನ ಉದ್ದ ಕತ್ತಿನ, ಪಾಪೆಯಿಲ್ಲದ ಕಣ್ಣುಗಳ ಹೆಂಗಸರು ನೋಡುಗರಿಗೆ ಮೋಡಿ ಹಾಕುತ್ತಾರೆ ಎಂದು ನೀವು ಬರೆದಿದ್ದೀರಿ. ಹೆಸರಿನ ಕಾಗುಣಿತವನ್ನು ‘ಮೊಡಿಗ್ಲಿಯಾನಿ’ ಎಂದು ಬರೆದದ್ದರಿಂದಲೇ ಈ ಕಲ್ಪನೆ ಹುಟ್ಟಿಕೊಂಡಿದೆ. ಇಟಾಲಿಯನ್ ಭಾಷೆಯಲ್ಲಿ ಇಂಗ್ಲಿಷಿನಂಥ ಡಕಾರವಿಲ್ಲ. ಅಲ್ಲಿರುವುದು ಹಲ್ಲಿಗೆ ನಾಲಗೆ ತಾಗಿಸಿ ನುಡಿಯುವ ನಮ್ಮ ದಕಾರ. ಹಾಗೆಯೇ ನಡುವೆ ಗಕಾರ ಬರೆಯುತ್ತಾರಾದರೂ ನುಡಿಯುವುದಿಲ್ಲ. ಆ ಅಕ್ಷರಗುಂಪು ಸೂಚಿಸುವುದು ಲಕಾರ ಯಕಾರಗಳು ಬೆಸೆದಂಥ ಒಂದು ಮೃದುವಾದ ಧ್ವನಿಯನ್ನು. ಆದ್ದರಿಂದ ‘ಮೊದಿಲ್ಯಾನಿ’ ಎಂಬುದು ಸರಿಗೆ ಹತ್ತಿರ. ನಮ್ಮ ಎಂ.ಕಾಂ. ತರಗತಿಗಳಲ್ಲಿ ಬಂಡವಾಳ ರಚನೆಯ ‘ಎಂ.ಎಂ. (ಮೊದಿಲ್ಯಾನಿ–ಮಿಲ್ಲರ್) ಸಿದ್ಧಾಂತ’ವನ್ನು ಪಾಠ ಮಾಡುವವರೂ ‘ಮೊಡಿಗ್ಲಿಯಾನಿ’ ಎಂದೇ ಹೇಳಿಕೊಂಡು ಬಂದಿರುವುದರಿಂದ ನಿಮ್ಮೊಬ್ಬರ ತಪ್ಪು ಎನ್ನಲಾರೆ. ಆದರೆ ಹೆಸರಿನ ಮೂಲವನ್ನೇ ವಿಷಯವಾಗಿ ಆರಿಸಿಕೊಂಡವರು ಆ ಹೆಸರನ್ನು ಅಲ್ಲಿನ ಜನ ಹೇಗೆ ನುಡಿಯುತ್ತಾರೆಂದು ಮೊದಲು ಕಿವಿಗೊಟ್ಟು ಕೇಳಬೇಕಿತ್ತು. ದಕಾರ ಬಂದ ಕ್ಷಣಕ್ಕೆ ಮೋಡಿ ಮಾಯವಾಗುತ್ತದೆ.

ಪ್ಯಾರಿಸ್ಸಿನಲ್ಲಿ ಗೆಳೆಯರು ಆತನನ್ನು ಹೆಸರಿನ ಮೊದಲೆರಡು ಅಕ್ಷರಗಳಿಂದಷ್ಟೇ ಕರೆಯುತ್ತಿದ್ದರು, ಅದು ಫ್ರೆಂಚಿನಲ್ಲಿ ‘ಶಾಪಗ್ರಸ್ತ’ ಎಂಬ ಪದದಂತೆಯೇ ಕೇಳಿಸುತ್ತಿತ್ತು ಎಂಬ ನಿಮ್ಮ ಮಾತು ನಿಜ. ಅದು ಸ್ನೇಹಿತರ ಶ್ಲೇಷೆ. ಅದಕ್ಕೂ ಹೆಸರಿನ ಮೂಲಕ್ಕೂ ಸಂಬಂಧವಿಲ್ಲ. (ಕನ್ನಡದಲ್ಲಿ ಆ ಎರಡಕ್ಷರಗಳನ್ನು ಕಂಡೊಡನೆ ಓದುಗರು ಬೇರೆಲ್ಲಿಗೋ ಹೋಗಿಬಿಡುತ್ತಾರೆಂಬ ಭಯವೂ ನನಗಿದೆ.)

ನಿಜವಾದ ಮೂಲ ಇದಕ್ಕಿಂತ ಸ್ವಾರಸ್ಯವಾಗಿದೆ, ಅದನ್ನು ನೀವು ಅರ್ಧ ವಾಕ್ಯದಲ್ಲಿ ದಾಟಿಬಿಟ್ಟಿದ್ದೀರಿ. ಮೊದಿಲ್ಯಾನಾ ಊರನ್ನು ರೋಮನ್ ಇತಿಹಾಸಕಾರ ಲಿವಿ ಹೆಸರಿಸುವ ‘ಮುತಿಲುಮ್’ ಎಂಬ ಕೋಟೆಯೊಂದಿಗೆ ಗುರುತಿಸುವುದು ವಾಡಿಕೆ. ‘ಮುತಿಲಿಯಾನಾ’ ಎಂಬಂಥ ಲ್ಯಾಟಿನ್ ರೂಪ ಹೇಗೆ ‘ಮೊದಿಲ್ಯಾನಾ’ ಆಗುತ್ತದೆ ಎಂಬುದನ್ನು ಅಕ್ಷರಕ್ಕೆ ಅಕ್ಷರ ತೋರಿಸಬಹುದು. ಎರಡು ಸ್ವರಗಳ ನಡುವಿನ ತಕಾರ ದಕಾರವಾಗುವುದು ಇಟಲಿಯ ಉತ್ತರದ ನುಡಿಗಳ ರೂಢಿ. ದಾರಿ ಎಂಬ ಅರ್ಥದ ಲ್ಯಾಟಿನ್ ‘ಸ್ತ್ರಾತಾ’ ಇಂದು ‘ಸ್ತ್ರಾದಾ’ ಆಗಿರುವುದು ಹೀಗೆ. ಲಕಾರದ ಮುಂದೆ ‘ಇಯಾ’ ಬಂದರೆ ಎರಡೂ ಬೆರೆತು ನಾನು ಮೇಲೆ ಹೇಳಿದ ಮೃದುಧ್ವನಿ ಹುಟ್ಟುತ್ತದೆ. ‘ಫಮೀಲಿಯಾ’ ‘ಫಮೀಲ್ಯಾ’ ಆದದ್ದು ಹಾಗೆ. ಹಳಗನ್ನಡದ ‘ಪಾಲ್’ ಇಂದು ‘ಹಾಲು’ ಆಗಿರುವುದನ್ನು ಬಲ್ಲ ಓದುಗರಿಗೆ, ಧ್ವನಿಗಳು ಮನಸ್ಸಿಗೆ ಬಂದಂತೆ ಬದಲಾಗುವುದಿಲ್ಲ, ಜೊತೆಯ ನೂರಾರು ಪದಗಳಲ್ಲಿಯೂ ಒಂದೇ ಬಗೆಯಲ್ಲಿ ಬದಲಾಗುತ್ತವೆ ಎಂಬುದನ್ನು ಹೇಳಿದರೆ ಸಾಕು. ಇನ್ನು ಕೊನೆಯ ಇಕಾರ: ಅದು ಲ್ಯಾಟಿನ್ನಿನ ಷಷ್ಠೀ ವಿಭಕ್ತಿಯಿಂದಲೋ ಇಟಾಲಿಯನ್ ಬಹುವಚನದಿಂದಲೋ ಬಂದದ್ದು, ‘ಮೊದಿಲ್ಯಾನಾದವರು’ ಎಂದಂತೆ. ಇಂಥ ಇಕಾರಾಂತ ಹೆಸರುಗಳು ಇಟಲಿಯ ನಡುಭಾಗ ಮತ್ತು ಉತ್ತರದಲ್ಲಿ ಹೆಚ್ಚು. ಕೆಂಪುಗೂದಲಿನವನಿಗೆ ಅಲ್ಲಿ ‘ರೊಸ್ಸಿ’ ಎಂದರೆ ದಕ್ಷಿಣದಲ್ಲಿ ‘ರುಸ್ಸೋ’ ಎನ್ನುತ್ತಾರೆ.

ಅಪರೂಪ ಏಕೆ ಎಂಬ ಪ್ರಶ್ನೆಗೂ ರೊಸ್ಸಿಯಲ್ಲಿಯೇ ಉತ್ತರವಿದೆ. ಕೆಂಪುಗೂದಲಿನ ಮನುಷ್ಯ ಎಲ್ಲ ಊರುಗಳಲ್ಲಿಯೂ ಒಬ್ಬನಿರುತ್ತಾನೆ, ಆದ್ದರಿಂದ ಆ ಹೆಸರು ನೂರಾರು ಕಡೆ ಒಂದಕ್ಕೊಂದು ಸಂಬಂಧವಿಲ್ಲದೆ ಹುಟ್ಟಿತು. ಮೊದಿಲ್ಯಾನಾ ಇರುವುದು ಒಂದೇ, ಅದೂ ಅಪೆನ್ನೈನ್ ಬೆಟ್ಟಗಳ ತಪ್ಪಲಿನ ಪುಟ್ಟ ಊರು. ಹೊರಟವರು ಕೆಲವೇ ಮಂದಿ, ಹೆಸರೂ ಅಷ್ಟೇ. ಆದರೆ ಇದರಿಂದ ‘ಎಲ್ಲ ಮೊದಿಲ್ಯಾನಿಗಳೂ ಒಂದೇ ರಕ್ತದವರು’ ಎಂಬ ನಿಮ್ಮ ತೀರ್ಮಾನಕ್ಕೆ ಜಿಗಿಯಲಾಗದು. ಒಂದೇ ಊರಿನಿಂದ ಬೇರೆ ಬೇರೆ ಕಾಲದಲ್ಲಿ ಹೊರಟ, ಪರಸ್ಪರ ನೆಂಟಸ್ತಿಕೆಯಿಲ್ಲದ ಎರಡು ಮನೆಗಳವರಿಗೂ ಹೊಸ ಊರಿನಲ್ಲಿ ಒಂದೇ ಹೆಸರು ಅಂಟಿಕೊಳ್ಳಬಹುದು.

ಈ ಜಿಗಿತ ನಿಮ್ಮನ್ನು ಮುಂದಿನ ತಪ್ಪಿಗೂ ಕೊಂಡೊಯ್ದಿದೆ. 1985ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಫ್ರಾಂಕೋ ಮೊದಿಲ್ಯಾನಿಯವರನ್ನು ಚಿತ್ರಕಾರ ಅಮೆದೇಯೋನ ಅಣ್ಣನ ಮಗನೆಂದು ಬರೆದಿದ್ದೀರಿ. ಫ್ರಾಂಕೋ ಹುಟ್ಟಿದ್ದು 1918ರಲ್ಲಿ ರೋಮ್‌ನಲ್ಲಿ. ಅವರ ತಂದೆ ಎನ್ರಿಕೋ ಮಕ್ಕಳ ವೈದ್ಯರು. ಅಮೆದೇಯೋನ ಅಣ್ಣಂದಿರು ಇಬ್ಬರು: ಸಮಾಜವಾದಿ ರಾಜಕಾರಣಿ ಎಮನುಎಲೆ ಮತ್ತು ಉಂಬೆರ್ತೋ. ಎನ್ರಿಕೋ ಎಂಬ ಅಣ್ಣನೇ ಇರಲಿಲ್ಲ. ತಾಯಿಯ ಕಡೆಯಿಂದ ಅಮೆದೇಯೋ ತತ್ತ್ವಜ್ಞಾನಿ ಸ್ಪಿನೋಜಾನ ವಂಶಜ ಎಂಬುದೂ ಹಾಗೆಯೇ. ಅದು ಮನೆಯವರು ಹೇಳಿಕೊಂಡು ಬಂದ ಕಥೆ; 1677ರಲ್ಲಿ ತೀರಿಕೊಂಡ ಸ್ಪಿನೋಜಾನಿಗೆ ಮಕ್ಕಳಿರಲಿಲ್ಲ. ಮನೆಯ ಕಥೆಯನ್ನು ಮನೆಯ ಕಥೆ ಎಂದೇ ಬರೆದರೆ ಅದಕ್ಕೂ ಲೇಖನದಲ್ಲಿ ಜಾಗವಿದೆ. ಸಂಗತಿಯೆಂದು ಬರೆದರೆ ಇಲ್ಲ.

ಈ ಹೆಸರು ಹೊತ್ತ ಯಹೂದಿ ಮನೆಗಳ ಬಗ್ಗೆ ಐದನೆಯ ಪುಟದಲ್ಲಿರುವ ಇತಿಹಾಸ ಕೇಳಲು ಚೆನ್ನಾಗಿದೆ, ಆದರೆ ತಪ್ಪು ಆಳರಸನನ್ನು ಹಿಡಿದುಕೊಂಡಿದೆ. ಪೋಪ್ ಐದನೆಯ ಪಿಯುಸ್ 1569ರಲ್ಲಿ ಹೊರಡಿಸಿದ ಆಜ್ಞೆ ಮೊದಿಲ್ಯಾನಾದ ಯಹೂದಿಗಳನ್ನು ಹೊರಹಾಕಿತು ಎಂದಿದ್ದೀರಿ. ಆ ಆಜ್ಞೆ ಪೋಪರ ಆಳ್ವಿಕೆಯ ಸೀಮೆಗೆ ಅನ್ವಯಿಸುತ್ತಿತ್ತು, ಇಟಲಿಯಲ್ಲಿ ರೋಮ್ ಮತ್ತು ಅಂಕೋನಾಗಳನ್ನು ಬಿಟ್ಟು. ಮೊದಿಲ್ಯಾನಾ ಇಂದು ಎಮಿಲಿಯಾ–ರೊಮಾನ್ಯಾ ಪ್ರಾಂತದಲ್ಲಿರುವುದರಿಂದ ನೀವು ಅದನ್ನು ಪೋಪರ ಸೀಮೆಗೆ ಸೇರಿಸಿಬಿಟ್ಟಿರಿ. ಆದರೆ 1377ರಿಂದ ಅದು ಫ್ಲಾರೆನ್ಸಿನ ಕೈಯಲ್ಲಿತ್ತು, ಫ್ಲಾರೆನ್ಸ್ ಜಿಲ್ಲೆಯಿಂದ ಬಿಡಿಸಿ ಫೋರ್ಲಿಗೆ ಸೇರಿಸಿದ್ದು 1923ರಲ್ಲಿ. ಆದ್ದರಿಂದ ಈ ಊರಿನ ಮಟ್ಟಿಗೆ ನೋಡಬೇಕಾದದ್ದು ಫ್ಲಾರೆನ್ಸನ್ನು ಆಳುತ್ತಿದ್ದ ಮೆದಿಚಿ ಮನೆತನದ ದೊರೆ ಒಂದನೆಯ ಕೊಸಿಮೋನ ನೀತಿಯನ್ನು. ಆತ 1570–71ರಲ್ಲಿ ಫ್ಲಾರೆನ್ಸಿನಲ್ಲಿ ಗೆಟ್ಟೋ, ಅಂದರೆ ಯಹೂದಿಗಳನ್ನು ಬೇರೆಯಾಗಿ ಇರಿಸುವ ಕೇರಿ, ಕಟ್ಟಿಸಿ, ಸಣ್ಣ ಊರುಗಳಲ್ಲಿ ಚದುರಿದ್ದ ಯಹೂದಿ ಮನೆಗಳನ್ನು ಅಲ್ಲಿಗೆ ಬರುವಂತೆ ಮಾಡಿದ. ಅದಕ್ಕೂ ಹಿಂದಿನ ಒಂದೆರಡು ಶತಮಾನಗಳಲ್ಲಿ ಈ ಮನೆಗಳು ಸಣ್ಣ ಊರುಗಳಿಗೆ ಬಂದದ್ದಾದರೂ ಏಕೆ? ಊರಿನವರೇ ಕರಾರು ಬರೆದುಕೊಟ್ಟು ಸಾಲ ಕೊಡುವ ಲೇವಾದೇವಿಗಾರರನ್ನು ಕರೆಸಿಕೊಳ್ಳುತ್ತಿದ್ದ ಪದ್ಧತಿಯಿಂದ. ಒಂದೂರಿಗೆ ಒಂದೋ ಎರಡೋ ಮನೆ. ಅವರು ಮುಂದಿನ ಊರಿಗೆ ಹೋದಾಗ ಬಿಟ್ಟ ಊರಿನ ಹೆಸರು ಬೆನ್ನಿಗೆ ಬಂತು. ವೊಲ್ತೆರಾ, ಮೊಂತೆಫಿಯೋರೆ, ರೆಕನಾತಿ ಮೊದಲಾದ ಹೆಸರುಗಳ ಹಿಂದೆಯೂ ಇಂಥದೇ ನಡಿಗೆಯಿದೆ.

ಲಿವೋರ್ನೋ ವಿಷಯವನ್ನು ಇನ್ನಷ್ಟು ಬೆಳೆಸಿ. ಮತ್ತೊಬ್ಬ ಮೆದಿಚಿ, ಒಂದನೆಯ ಫೆರ್ದಿನಾಂದೋ, ಆ ಬಂದರನ್ನು ಬೆಳೆಸುವ ಆಸೆಯಿಂದ 1591 ಮತ್ತು 1593ರಲ್ಲಿ ಹೊರದೇಶದ ವ್ಯಾಪಾರಿಗಳಿಗೆ, ಮುಖ್ಯವಾಗಿ ಯಹೂದಿಗಳಿಗೆ, ಧರ್ಮಪಾಲನೆಯ ಮತ್ತು ವ್ಯಾಪಾರದ ಸ್ವಾತಂತ್ರ್ಯವನ್ನು ಬರಹದಲ್ಲಿ ಕೊಟ್ಟ. ಅಪ್ಪ ಕಟ್ಟಿಸಿದ್ದು ಗೆಟ್ಟೋ. ಮಗ ಬೆಳೆಸಿದ ಊರಿನಲ್ಲಿ ಗೆಟ್ಟೋ ಎಂಬುದು ಎಂದೂ ಇರಲಿಲ್ಲ. ಮೊದಿಲ್ಯಾನಿ ಎಂಬ ಹೆಸರಿನ ಮನೆಯೊಂದು ಲಿವೋರ್ನೋದಲ್ಲಿ ಸಿಗುವುದರ ಹಿನ್ನೆಲೆ ಇದು. ನೀವು ಇದಕ್ಕೆ ಎರಡೇ ಸಾಲು ಕೊಟ್ಟು, ಜಪ್ತಿಗೆ ಬಂದವರು ಬಾಣಂತಿಯ ಹಾಸಿಗೆಯನ್ನು ಮುಟ್ಟುವಂತಿಲ್ಲವೆಂದು ಮನೆಯ ಬೆಲೆಬಾಳುವ ವಸ್ತುಗಳನ್ನೆಲ್ಲ ಅಮೆದೇಯೋನ ತಾಯಿಯ ಮಂಚದ ಮೇಲೆ ಪೇರಿಸಿದ ಕಥೆಗೆ ಒಂದೂವರೆ ಪುಟ ಕೊಟ್ಟಿದ್ದೀರಿ. ಕಥೆ ಸೊಗಸಾಗಿದೆ. ಅದು ಮನುಷ್ಯನ ಕಥೆ, ಹೆಸರಿನದಲ್ಲ.

‘ಊರಿನ ಹೆಸರನ್ನು ಅಡ್ಡಹೆಸರಾಗಿ ಉಳ್ಳ ಇಟಾಲಿಯನ್ನರೆಲ್ಲ ಯಹೂದಿಗಳೇ’ ಎಂಬ ವಾಕ್ಯವನ್ನು ದಯವಿಟ್ಟು ಸಂಪೂರ್ಣ ತೆಗೆದುಹಾಕಿ. ಇದು ಇಟಲಿಯಲ್ಲಿಯೂ ಬಹಳ ಜನ ನಂಬಿರುವ ಮಾತು, ಸುಳ್ಳು ಮಾತು. ರೊಮಾನೋ, ಪಿಸಾನಿ, ಜೆನೊವೇಸೆ ಎಂಬ ಹೆಸರಿನ ಕ್ರೈಸ್ತರು ಲೆಕ್ಕವಿಲ್ಲದಷ್ಟಿದ್ದಾರೆ. ನಾನು ಇಷ್ಟು ಕಟುವಾಗಿ ಹೇಳುವುದಕ್ಕೆ ಕಾರಣವಿದೆ. ಫ್ಯಾಸಿಸ್ಟ್ ಸರ್ಕಾರ 1938ರಲ್ಲಿ ಜನಾಂಗದ್ವೇಷದ ಕಾನೂನುಗಳನ್ನು ತಂದಿತು. 1939ರ ಜುಲೈನಲ್ಲಿ ಅಡ್ಡಹೆಸರುಗಳಿಗೆಂದೇ ಇನ್ನೊಂದು ಕಾನೂನು ಬಂತು. ಹಿಂದೆ ಹೆಸರು ಬದಲಿಸಿಕೊಂಡಿದ್ದ ಯಹೂದಿಗಳು ಹಳೆಯ ಹೆಸರಿಗೆ ಮರಳಬೇಕು. ತಂದೆ ಯಹೂದಿಯಾಗಿದ್ದು ಕಾನೂನಿನ ಲೆಕ್ಕದಲ್ಲಿ ತಾವು ಯಹೂದಿಯಲ್ಲದವರು ತಾಯಿಯ ಹೆಸರನ್ನು ಪಡೆಯಬಹುದು. ಹೆಸರನ್ನು ನೋಡಿ ಮನುಷ್ಯನನ್ನು ವಿಂಗಡಿಸುವ ಆಟ ಆ ದೇಶದಲ್ಲಿ ಎಲ್ಲಿಗೆ ಮುಟ್ಟಿತ್ತೆಂಬುದು ಈ ಒಂದು ಕಾನೂನಿನಿಂದ ತಿಳಿಯುತ್ತದೆ. ಫ್ರಾಂಕೋ ಇಟಲಿ ಬಿಟ್ಟು 1939ರಲ್ಲಿ ಅಮೆರಿಕ ಸೇರಿದ್ದು ಇದೇ ಹೊತ್ತಿನಲ್ಲಿ. ನಿಮ್ಮ ಲೇಖನದಲ್ಲಿ ಈ ಕಾನೂನಿನ ಪ್ರಸ್ತಾಪವೇ ಇಲ್ಲ. ಅಡ್ಡಹೆಸರಿನ ಬಗ್ಗೆ ಬರೆಯುವವರು ಅಡ್ಡಹೆಸರಿನ ಕಾನೂನನ್ನು ಬಿಡುವುದು ಹೇಗೆ?

ಹರಡುವಿಕೆಯ ಭಾಗದಲ್ಲಿ ನೀವು ಜಾಲತಾಣವೊಂದರ ನಕ್ಷೆಯಿಂದ ತೆಗೆದ ಸಂಖ್ಯೆಯನ್ನು ‘ಇಟಲಿಯ ಒಟ್ಟು ಮೊದಿಲ್ಯಾನಿಗಳು’ ಎಂದು ಕೊಟ್ಟಿದ್ದೀರಿ. ಅದೇ ಪುಟದ ಅಡಿಯಲ್ಲಿ ಅದು ದೂರವಾಣಿ ಕೈಪಿಡಿಯಿಂದ ಎಣಿಸಿದ್ದು ಎಂದು ನೀವೇ ಬರೆದುಕೊಂಡಿದ್ದೀರಿ. ಸ್ಥಿರ ದೂರವಾಣಿ ಮನೆಗೊಂದು, ತಲೆಗೊಂದಲ್ಲ. ಇಟಲಿಯಲ್ಲಿ ಮದುವೆಯಾದ ಹೆಂಗಸು ತವರಿನ ಹೆಸರನ್ನು ಕಳೆದುಕೊಳ್ಳುವುದಿಲ್ಲ. 1975ರ ಕುಟುಂಬ ಕಾನೂನಿನಂತೆ ಗಂಡನ ಹೆಸರು ಅದಕ್ಕೆ ಸೇರುತ್ತದೆ ಅಷ್ಟೆ. ದೂರವಾಣಿ ಗಂಡನ ಹೆಸರಿನಲ್ಲಿದ್ದರೆ ಮೊದಿಲ್ಯಾನಿ ಎಂಬ ಹೆಂಡತಿ ಆ ಎಣಿಕೆಯಲ್ಲಿ ಕಾಣುವುದೇ ಇಲ್ಲ. ಹೆಸರು ಉಳಿಯುವ ದಾರಿಯೂ ಯಾವಾಗಲೂ ಗಂಡಸರದೇ ಆಗಿರಲಿಲ್ಲ: ಅಮೆದೇಯೋ ಮತ್ತು ಆತನ ಸಂಗಾತಿ ಝಾನ್ ಎಬ್ಯುತೆರ್ನ್ ಮದುವೆಯಾಗಿರಲಿಲ್ಲ, 1920ರ ಜನವರಿಯಲ್ಲಿ ಒಂದೆರಡು ದಿನಗಳ ಅಂತರದಲ್ಲಿ ಇಬ್ಬರೂ ತೀರಿಕೊಂಡರು, ಅವರ ಪುಟ್ಟ ಮಗಳನ್ನು ದತ್ತು ತೆಗೆದುಕೊಂಡು ಸಾಕಿದವಳು ಸೋದರತ್ತೆ. ಆ ಮಗಳು ಮೊದಿಲ್ಯಾನಿಯಾದದ್ದು ಹಾಗೆ. 2022ರಲ್ಲಿ ಇಟಲಿಯ ಸಾಂವಿಧಾನಿಕ ನ್ಯಾಯಾಲಯ, ಮಗುವಿಗೆ ತಂದೆಯ ಹೆಸರು ತಾನಾಗಿಯೇ ಬರುವ ಪದ್ಧತಿ ಸಂವಿಧಾನಕ್ಕೆ ವಿರುದ್ಧ, ಬೇರೆ ಒಪ್ಪಂದವಿಲ್ಲದಿದ್ದರೆ ಇಬ್ಬರ ಹೆಸರೂ ಬರಬೇಕು ಎಂದು ತೀರ್ಪಿತ್ತಿತು. ಅಪರೂಪದ ಹೆಸರುಗಳ ಪಾಲಿಗೆ ಇದು ಸಣ್ಣ ಸಂಗತಿಯಲ್ಲ. ನಕ್ಷೆಯ ಸಂಖ್ಯೆಯ ಬದಲು ಇದನ್ನು ಬರೆಯಿರಿ.

ಹದಿನಾಲ್ಕು ಪುಟಗಳು ಆರಕ್ಕಿಳಿಯಲಿ. ಲೇಗಾನಿಂದ ಆರಂಭಿಸಿ, ಊರಿನ ಹೆಸರಿನ ಧ್ವನಿಗಳ ಮೂಲಕ ಹಾದು, ಫ್ಲಾರೆನ್ಸ್, ಲಿವೋರ್ನೋ, ರೋಮ್ ಎಂದು ಹೆಸರಿನ ಹಿಂದೆಯೇ ನಡೆಯಿರಿ. ಚಿತ್ರಕಾರ ದಾರಿಯಲ್ಲಿ ಎದುರಾದಾಗ ಮಾತಾಡಿಸಿದರೆ ಸಾಕು. ನೀವು ಲಗತ್ತಿಸಿದ ಆತನ ನಾಲ್ಕು ವರ್ಣಚಿತ್ರಗಳನ್ನು ಬಳಸುವುದಿಲ್ಲ. ಅವುಗಳ ಬದಲು ಮೊದಿಲ್ಯಾನಾ ಊರಿನ ಒಂದು ಚಿತ್ರ, ಗ್ವೀದಿ ಮನೆತನದ ಪಾಳುಕೋಟೆ ಕಾಣುವಂಥದು, ಹಕ್ಕುಸ್ವಾಮ್ಯದ ತೊಡಕಿಲ್ಲದೆ ದೊರೆತರೆ ಕಳುಹಿಸಿ.

ಇತಿ,
ಸಂಪಾದಕ